ಸಕ್ಕರೆ ಬಿಟ್ಟ ಬೀಗರು

ಅನಂತರಾಜು ಮನುಷ್ಯರ ಮುಖ ನೋಡುತ್ತಿರಲಿಲ್ಲ, ಹಲ್ಲು ನೋಡುತ್ತಿದ್ದ. ಕುಣಿಗಲ್ಲಿನ ಕುದುರೆ ಫಾರಂನಲ್ಲಿ ನೌಕರಿ ಮಾಡಿ, ಪಿಂಚಣಿ ಬರುವ ತನಕ ಕುದುರೆಗಳ ಬಾಯಿ ಬಿಡಿಸಿ ಬಿಡಿಸಿ ಬಂದ ಅಭ್ಯಾಸ ಅದು. ತುಟಿ ಎತ್ತಿ ಮುಂದಿನ ಹಲ್ಲು ನೋಡಿ ಕುದುರೆಯ ವಯಸ್ಸು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅನಂತರಾಜು ಅದು ಹುಟ್ಟಿದ ವಾರವನ್ನೂ ಹೇಳುತ್ತಿದ್ದ. ಒಮ್ಮೆ ಒಂದು ಕಪ್ಪು ಹೆಣ್ಣು ಕುದುರೆಗೆ ಬುಧವಾರ ಅಂದ, ಕಾಗದದಲ್ಲಿ ಗುರುವಾರ ಇತ್ತು. ವಿಚಾರಿಸಿದರೆ ಅದು ಹುಟ್ಟಿದ್ದು ಬುಧವಾರವೇ, ಗುಮಾಸ್ತ ಮಾರನೆಯ ದಿನ ಬಂದು ಬರೆದಿದ್ದ. ಹುತ್ರಿದುರ್ಗದ ಬೆಟ್ಟದ ಬುಡದ ಅವನ ಊರಿನಲ್ಲಿ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಕಂಡವರು ಯಾರೂ ಇಲ್ಲ.

ಹಲ್ಲಿನ ಜೊತೆಗೆ ಇನ್ನೊಂದು ವಿದ್ಯೆಯನ್ನೂ ಅವನು ಕಲಿತಿದ್ದ. ಹೊರಗಿನ ದಲ್ಲಾಳಿಗಳು ಮುದಿ ಕುದುರೆಯ ಹಲ್ಲಿಗೆ ಅರ ಹಾಕಿ ಉಜ್ಜಿ, ಎಳೆಗುದುರೆ ಅಂತ ತೋರಿಸುವುದನ್ನು ಕಂಡಿದ್ದ. ಅಂದಿನಿಂದ ಅವನಿಗೆ ಹುಳುಕು ಹಲ್ಲಿನ ಮೇಲೆ ನಂಬಿಕೆ, ಒಳ್ಳೆ ಹಲ್ಲಿನ ಮೇಲೆ ಅನುಮಾನ.

ಹೀಗಾಗಿ ಮಗಳು ಇಂಪನಾಳನ್ನು ನೋಡಲು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಿಂದ ಗಂಡಿನ ಕಡೆಯವರು ಬಂದ ದಿನ, ಅವನು ಕುರ್ಚಿಗಳನ್ನೆಲ್ಲ ಕಿಟಕಿಗೆ ಎದುರಾಗಿ ಹಾಕಿಸಿದ. ಬೆಳಕು ನೇರ ಬಾಯಿಗೆ ಬೀಳಲಿ ಅಂತ.

ನೋಡುವ ಶಾಸ್ತ್ರ ಬರೀ ಹೆಸರಿಗೆ. ಇಂಪನಾಗೆ ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ, ಹುಡುಗ ಚಂದ್ರುಗೆ ಅದೇ ರಸ್ತೆಯ ವರ್ಕ್‌ಶಾಪಿನಲ್ಲಿ. ಅವರಿಬ್ಬರೂ ಯಾವಾಗಲೋ ಒಪ್ಪಿಕೊಂಡಾಗಿತ್ತು. ದೊಡ್ಡವರು ತಾವೇ ಹುಡುಕಿದೆವು ಅಂದುಕೊಂಡು ಒಪ್ಪುವುದಷ್ಟೇ ಬಾಕಿ ಇತ್ತು.

ಚಂದ್ರುವಿನ ಅಪ್ಪ ದೊಡ್ಡರಂಗಯ್ಯ ತೆಂಗಿನ ತೋಟದವನು. ಅರವತ್ತು ದಾಟಿದ್ದರೂ ನಕ್ಕರೆ ಮುಂದಿನ ಹಲ್ಲು ಕೊಬ್ಬರಿ ಗಿಟುಕಿನ ಹಾಗೆ ಬೆಳ್ಳಗಿದ್ದವು. ಅನಂತರಾಜುವಿಗೆ ಅಲ್ಲೇ ಮೊದಲ ಅನುಮಾನ.

ಎರಡನೆಯದು ತಟ್ಟೆ ಬಂದಾಗ. ದೊಡ್ಡರಂಗಯ್ಯ ಖಾರಾಬಾತ್ ತಿಂದು, ಕೇಸರಿಬಾತನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ತಳ್ಳಿದ. ಕಾಫಿಗೂ ಸಕ್ಕರೆ ಬೇಡ ಅಂದ.

ಹೆಣ್ಣಿನ ತಾಯಿ ಪ್ರಮೀಳಾಳ ಮುಖ ಸಣ್ಣಗಾಯಿತು. "ಬಾಯಿ ಸಿಹಿ ಮಾಡ್ಕಳ್ದೆ ಹೋಯ್ತೀರಾ? ಹಂಗಾರೆ ನಮ್ ಹುಡ್ಗಿ ಒಪ್ಪಿಲ್ಲ ಅಂತಾನಾ?"

"ಅಯ್ಯೋ, ಹಂಗಲ್ಲ ಕಣವ್ವ. ಹಲ್ಲಿಗೆ. ತುಮಕೂರಲ್ಲಿ ಹಲ್ಲಿನ ಡಾಕ್ಟ್ರು ಸಿಹಿ ಕಮ್ಮಿ ಮಾಡು ಅಂದವ್ರೆ. ಊಟದ್ ಜೊತೇಲಿ ಒಂಚೂರು ತಿನ್ಬೌದು, ಹೊತ್ತಲ್ಲದ್ ಹೊತ್ತಲ್ಲಿ ಬ್ಯಾಡ ಅಂತ." ಹೀಗೆ ಹೇಳಿ, ಮಾತು ಉಳಿಸಲು ಉಗುರಿನಷ್ಟು ಕೇಸರಿಬಾತ್ ನಾಲಿಗೆಗೆ ಇಟ್ಟುಕೊಂಡ. "ನಮ್ ಕಡೆಯಿಂದ ಒಪ್ಗೆ."

ಆಮೇಲೆ ಎದ್ದು ಹಿತ್ತಲ ನಲ್ಲಿಗೆ ಹೋಗಿ ಬಾಯಿ ಮುಕ್ಕಳಿಸಿ ಉಗಿದು ಬಂದ.

ಅನಂತರಾಜು ಇದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದ. ಸಂಬಂಧ ಒಪ್ಪಿದ ಸಿಹಿಯನ್ನು ಮುಕ್ಕಳಿಸಿ ಉಗಿದವನನ್ನು ಅವನು ಹುಟ್ಟಿದ ಮೇಲೆ ಕಂಡಿರಲಿಲ್ಲ.

ಅವರ ಕಾರು ತಿರುವು ದಾಟಿದ ಕೂಡಲೇ ಅವನು ಪಂಚಾಯ್ತಿ ಶುರುಮಾಡಿದ.

"ಸಕ್ಕರೆ ಕಾಯ್ಲೆ," ಅಂದ. "ಮುಚ್ಚಿಡ್ತವ್ರೆ. ವಂಶದಲ್ಲೇ ಇರ್ಬೇಕು."

"ಹಲ್ಲಿಗೆ ಅಂತ ಬಾಯಿ ಬುಟ್ಟು ಹೇಳ್ದ್ರಲ್ಲಪ್ಪ," ಅಂದಳು ಇಂಪನಾ.

"ಹಲ್ಲು ನೆಟ್ಗಿರೋನು ಹಲ್ಲಿಗೆ ಅಂತ ಸಕ್ಕರೆ ಬುಡ್ತಾನೇನೇ? ಕಾಲು ನೆಟ್ಗಿರೋನು ಕೋಲು ಹಿಡೀತಾನಾ?"

"ಚಂದ್ರೂನೂ ಹೇಳವ್ನೆ. ಹೋದ್ ವರ್ಷ ಅವ್ರಿಗೆ ಹಲ್ಲುನೋವು ಬಂದು ಒದ್ದಾಡ್ಬುಟ್ರಂತೆ."

"ಹೇಳ್ಕೊಟ್ಟವ್ರೆ. ಮನೆಮಂದಿಗೆಲ್ಲ ಒಂದೇ ಪಾಠ. ನಾಳೆ ಅವ್ನಿಗೂ ಬತ್ತದೆ, ನಿನ್ ಮಕ್ಳಿಗೂ ಬತ್ತದೆ. ಗೊತ್ತಿದ್ದೂ ಗೊತ್ತಿದ್ದೂ ಕೊಡ್ಲಾ? ಅದು ಏನು ಎತ್ತ ಅಂತ ತಿಳಿಯೋ ಗಂಟ ನಮ್ ಕಡೆ ಒಪ್ಗೆ ಇಲ್ಲ."

ಇಂಪನಾ ತಟ್ಟೆಗಳನ್ನು ಜೋಡಿಸುತ್ತಿದ್ದವಳು ನಿಲ್ಲಿಸಿದಳು. "ಅಪ್ಪ, ನೀನು ಬ್ಯಾಡ ಅಂದ್ರೆ ನಾನು ಓಡಿಹೋಗಲ್ಲ. ಆದ್ರೆ ಇನ್ನೊಬ್ರನ್ನ ಕರ್ಕೊಂಡ್ ಬಂದು ಈ ಕುರ್ಚಿ ಮೇಲೆ ಕೂರುಸ್ಬ್ಯಾಡ. ನಾನ್ ಕಾಫಿ ತರಲ್ಲ."

ಕೂಗಾಡಿದ್ದರೆ ಅನಂತರಾಜುವಿಗೆ ಅಷ್ಟು ಭಯ ಆಗುತ್ತಿರಲಿಲ್ಲ. ಅವಳು ಮೆತ್ತಗೆ ಹೇಳಿದ್ದಳು.

ಯೋಚನೆ ಬಂದಾಗ ಮಾಡುವ ಕೆಲಸವನ್ನೇ ಅವನು ಮಾಡಿದ. ಜೇಬಿಗೆ ಕೈ ಹಾಕಿ ಒಂದು ಬೆಲ್ಲದ ಉಂಡೆ ತೆಗೆದು ದವಡೆಗೆ ಒತ್ತರಿಸಿಕೊಂಡ. ಇದೂ ಫಾರಂನ ಅಭ್ಯಾಸ. ಆಗ ಜೇಬಿನಲ್ಲಿ ಒಂದು ಉಂಡೆ ಕುದುರೆಗೆ, ಒಂದು ತನಗೆ. ಕುದುರೆ ಬಿಟ್ಟು ಬಂದ ಮೇಲೆ ಎರಡೂ ತನಗೆ. ಇತ್ತೀಚೆಗೆ ಬಾಯಾರಿಕೆ ಜಾಸ್ತಿಯಾಗಿ ಚೊಂಬು ಪಕ್ಕದಲ್ಲೇ ಇರಬೇಕಾಗಿತ್ತು, ಅದಕ್ಕೆ ಬಿಸಿಲನ್ನು ಬಯ್ಯುತ್ತಿದ್ದ. ಬೇವಿನ ಕಡ್ಡಿ ಕಚ್ಚಿದರೆ ಒಸಡಿನಲ್ಲಿ ರಕ್ತ ಬರುತ್ತಿತ್ತು, ಅದಕ್ಕೆ ಬೇವಿನ ಮರವನ್ನು. ಕೆಳಗಿನ ಒಂದು ಹಲ್ಲು ನಾಲಿಗೆ ತಾಗಿದರೆ ಬಾಗಿಲ ಹಾಗೆ ಆಡುತ್ತಿತ್ತು. ಅದಕ್ಕೆ ಬಯ್ಯಲು ಇನ್ನೂ ಯಾರೂ ಸಿಕ್ಕಿರಲಿಲ್ಲ.

ಗಂಡಿನ ಮನೆ ನೋಡಿಕೊಂಡು ಬರುವ ಶಾಸ್ತ್ರ ಇದ್ದೇ ಇತ್ತು. ಹೆಣ್ಣಿನ ಕಡೆಯವರು ಹೋಗಿ, ಮನೆ ತೋಟ ನೋಡಿ, ಅಲ್ಲಿ ಸಿಹಿ ತಿಂದರೆ ಒಪ್ಪಿದ ಹಾಗೆ. ತಿನ್ನದೆ ಎದ್ದರೆ ಮುಗಿದ ಹಾಗೆ. "ಹೆಂಗಸ್ರು ಆಮೇಲ್ ಬರ್ಲಿ, ಮೊದ್ಲು ನಾನೊಬ್ನೇ ನೋಡ್ಬತ್ತೀನಿ," ಅಂತ ಮುಂದಿನ ಭಾನುವಾರ ಅನಂತರಾಜು ಬಸ್ಸು ಹತ್ತಿದ. ಸಿ.ಎಸ್. ಪುರಕ್ಕೆ ಹತ್ತಿರದ ದಾರಿ ಇದೆ. ಅವನು ತುಮಕೂರಿಗೆ ಹೋಗಿ ಗುಬ್ಬಿ ಸುತ್ತಿ ಹೋದ. ಅನುಮಾನಕ್ಕೆ ನೆಟ್ಟಗಿನ ದಾರಿ ಒಗ್ಗುವುದಿಲ್ಲ.

ತುಮಕೂರಿನ ಆ ಹಲ್ಲಿನ ಕ್ಲಿನಿಕ್ಕಿನ ವಿಳಾಸವನ್ನು ಇಂಪನಾಳ ಬಾಯಿಂದ ಮೊದಲೇ ಕಕ್ಕಿಸಿಕೊಂಡಿದ್ದ. ಡಾಕ್ಟರು ತನುಶ್ರೀ ಅಂತ, ಇಂಪನಾಳ ವಯಸ್ಸಿನವಳೇ. ಅವಳ ಮುಂದಿನ ಹಲ್ಲು ಸ್ವಲ್ಪ ಅಡ್ಡಾದಿಡ್ಡಿ ಇದ್ದದ್ದರಿಂದ ಅನಂತರಾಜುವಿಗೆ ಅವಳ ಮೇಲೆ ಕೊಂಚ ನಂಬಿಕೆ ಹುಟ್ಟಿತು.

"ನಿಮ್ಮತ್ರ ಸಿ.ಎಸ್. ಪುರದ ದೊಡ್ಡರಂಗಯ್ಯ ಅನ್ನೋರು ಬತ್ತಾರಲ್ಲ ತಾಯಿ, ಅವ್ರಿಗೆ ಇರೋ ಕಾಯ್ಲೆ ಏನು?"

"ಬೇರೆಯವರ ಬಾಯಿ ವಿಷ್ಯ ನಾನು ಹೇಳೋ ಹಾಗಿಲ್ಲ ಸರ್. ನಿಮ್ಮ ಬಾಯಿ ತೆಗೀರಿ."

ಬೇರೆ ದಾರಿ ಇಲ್ಲದೆ ತೆಗೆದ. ಇಷ್ಟು ವರ್ಷ ತಾನು ಕುದುರೆಗಳಿಗೆ ಮಾಡಿದ್ದನ್ನು ಈಗ ಒಬ್ಬಳು ಹುಡುಗಿ ತನಗೆ ಮಾಡುತ್ತಿದ್ದಳು. ಕುದುರೆಗಳು ಯಾಕೆ ಕಾಲು ಝಾಡಿಸುತ್ತಿದ್ದವು ಅಂತ ಅವನಿಗೆ ಅರ್ಥವಾಯಿತು.

"ದಿನಕ್ಕೆ ಎಷ್ಟು ಸಲ ಸಿಹಿ ತಿಂತೀರಾ?"

"ಸಕ್ಕರೆ ಮುಟ್ಟಲ್ಲ. ಬರೀ ಬೆಲ್ಲ."

"ಹಲ್ಲಿಗೆ ಆ ವ್ಯತ್ಯಾಸ ಗೊತ್ತಾಗಲ್ಲ ಸರ್. ಬೆಲ್ಲ ಅಂಟ್ಕೊಂಡು ಕೂರುತ್ತೆ ಬೇರೆ. ಎಷ್ಟು ಸಲ?"

"ನೆಪ್ಪಾದಾಗ."

"ನೆನಪು ಎಷ್ಟು ಸಲ ಆಗುತ್ತೆ?"

ಅನಂತರಾಜು ಚಾವಣಿ ನೋಡಿದ.

"ನೋಡಿ, ಬಾಯಲ್ಲಿರೋ ಕ್ರಿಮಿ ಆ ಸಿಹಿ ತಿಂದು ಹುಳಿ ಬಿಡುತ್ತೆ. ಆ ಹುಳಿ ಸುಮಾರು ಅರ್ಧ ಗಂಟೆ ಹಲ್ಲನ್ನ ಕರಗಿಸ್ತಾ ಇರುತ್ತೆ. ಅಷ್ಟರಲ್ಲಿ ನೀವು ಇನ್ನೊಂದು ಉಂಡೆ ಹಾಕ್ಕೊಂಡ್ರೆ ಹಲ್ಲಿಗೆ ಬಿಡುವೇ ಇಲ್ಲ. ತಿನ್ನಲೇಬೇಕು ಅಂದ್ರೆ ಊಟದ ಜೊತೆ ಒಂಚೂರು ತಿನ್ನಿ, ಆಮೇಲೆ ನೀರಲ್ಲಿ ಬಾಯಿ ಮುಕ್ಕಳಿಸಿ. ಹೊತ್ತಲ್ಲದ ಹೊತ್ತಲ್ಲಿ ಬೇಡ."

ಅನಂತರಾಜುವಿನ ಕಿವಿ ನೆಟ್ಟಗಾಯಿತು. ದೊಡ್ಡರಂಗಯ್ಯ ಹೇಳಿದ ಮಾತೇ. ಊಟದ ಜೊತೆ, ಹೊತ್ತಲ್ಲದ ಹೊತ್ತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಸಾಕ್ಷಿಗಳಿಗೆ ವಕೀಲ ಹೇಳಿಕೊಟ್ಟರೆ ಹೀಗೇ ಇರುತ್ತದೆ.

"ಇನ್ನೊಂದು," ಅಂದಳು ತನುಶ್ರೀ ಕೈಗವಸು ಕಳಚುತ್ತ. "ಒಸಡು ಹೀಗೆ ಊದಿ ಹಲ್ಲು ಅಲ್ಲಾಡ್ತಿದ್ರೆ ಬರೀ ಹಲ್ಲಿಂದೇ ತೊಂದ್ರೆ ಆಗಿರಲ್ಲ. ಒಂದ್ಸಲ ಶುಗರ್ ಟೆಸ್ಟ್ ಮಾಡ್ಸಿ."

ಮೆಟ್ಟಿಲು ಇಳಿಯುವಾಗ ಅವನಿಗೆ ಎಲ್ಲ ಸ್ಪಷ್ಟವಾಯಿತು. ದೊಡ್ಡರಂಗಯ್ಯ ಗಟ್ಟಿ ಕುಳ. ತನ್ನ ಕಾಯಿಲೆಯನ್ನು ಮುಚ್ಚಿಡುವುದಷ್ಟೇ ಅಲ್ಲ, ಬೀಗರ ತಲೆಗೆ ಕಟ್ಟುವ ಏರ್ಪಾಡೂ ಮಾಡಿದ್ದಾನೆ. ಇಷ್ಟು ದೂರ ಯೋಚಿಸುವವನ ಮನೆಗೆ ಮಗಳನ್ನು ಕೊಡುವುದು ಹೇಗೆ ಅಂದುಕೊಳ್ಳುತ್ತ, ಗುಬ್ಬಿ ಬರುವ ತನಕ ಎರಡು ಉಂಡೆ ಬೆಲ್ಲ ಮುಗಿಸಿದ.

ಸಿ.ಎಸ್. ಪುರದಲ್ಲಿ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು. ಚಂದ್ರುವಿನ ತಾಯಿ ಹನುಮಂತಮ್ಮ ಬಲವಂತ ಮಾಡಿ ಬಡಿಸಿದಳು. ಚಂದ್ರು ನೀರು ತಂದುಕೊಟ್ಟ, ಮತ್ತೆ ತಂದುಕೊಟ್ಟ, ಆಮೇಲೆ ಬಿಂದಿಗೆಯನ್ನೇ ಪಕ್ಕಕ್ಕೆ ತಂದಿಟ್ಟ.

"ತೋಟ ನೋಡ್ಕೊಂಡ್ ಬನ್ನಿ," ಅಂದಳು ಹನುಮಂತಮ್ಮ. "ಬರೋವಷ್ಟರಲ್ಲಿ ಸಿಹಿ ಮಾಡಿರ್ತೀನಿ. ತಿಂದು ಒಂದ್ ಮಾತು ಹೇಳ್ಬುಟ್ಟು ಹೋಗೀರಂತೆ."

ಅನಂತರಾಜುವಿಗೆ ಬೇಕಾಗಿದ್ದದ್ದೂ ತೋಟವೇ. ಅವನ ಹತ್ತಿರ ಒಂದು ಪರೀಕ್ಷೆ ಇತ್ತು. ಅದಕ್ಕೆ ಯಂತ್ರ ಬೇಡ, ಸೂಜಿ ಬೇಡ, ಡಾಕ್ಟರೂ ಬೇಡ. ಅವನ ಅಜ್ಜನ ಕಾಲದಿಂದ ಬಂದದ್ದು. ಸಕ್ಕರೆ ಕಾಯಿಲೆಯವರು ಮೂತ್ರ ಮಾಡಿದ ಜಾಗಕ್ಕೆ ಇರುವೆ ಬರುತ್ತವೆ. ಇರುವೆಗೆ ಬೀಗರ ದಾಕ್ಷಿಣ್ಯ ಇಲ್ಲ, ಅದಕ್ಕೆ ಯಾರೂ ಪಾಠ ಹೇಳಿಕೊಡಲಾರರು.

ಕಷ್ಟ ಒಂದೇ. ಬೀಗರನ್ನು ಮರದ ಮರೆಗೆ ಕಳಿಸುವುದು ಹೇಗೆ. ಅದಕ್ಕೆ ಅವನು ದೊಡ್ಡರಂಗಯ್ಯನಿಗೆ ಬಲವಂತ ಮಾಡಿ ಎಳನೀರು ಕುಡಿಸಿದ. ತೋಟ ಬೀಗರದು, ಕಾಯಿ ಬೀಗರದು, ಕೆತ್ತಿದ್ದೂ ಬೀಗರೇ. ಉಪಚಾರ ಮಾತ್ರ ಅನಂತರಾಜುವಿನದು.

"ಇನ್ನೊಂದ್ ಕುಡೀರಿ ಬೀಗ್ರೆ. ನಾನು ಕುಡೀತಿಲ್ವಾ?"

"ನಿಮ್ಗೆ ಎಲ್ಲಿಗ್ ಹೋಯ್ತದೆ ಅಷ್ಟು ನೀರು?" ಅಂದ ದೊಡ್ಡರಂಗಯ್ಯ.

"ಬಿಸ್ಲು ಕಣ್ರಿ."

ಸ್ವಲ್ಪ ಹೊತ್ತಿಗೆ ದೊಡ್ಡರಂಗಯ್ಯ ಎದ್ದು, ಸೊಟ್ಟಗೆ ಬೆಳೆದ ಒಂದು ತೆಂಗಿನ ಮರದ ಹಿಂದೆ ಹೋಗಿಬಂದ. ಅನಂತರಾಜುವಿಗೆ ಅದಕ್ಕೂ ಮೊದಲೇ ಅವಸರ, ಅವನು ಆಚೆಯ ನೆಟ್ಟಗಿನ ಮರಕ್ಕೆ ಹೋದ. ಬರುತ್ತ ಸೊಟ್ಟ ಮರದ ಬುಡದಲ್ಲಿ ಗುರುತಿಗೆ ಒಂದು ತೆಂಗಿನ ಸಿಪ್ಪೆ ಇಟ್ಟು ಬಂದ. ಆಮೇಲೆ ಇಬ್ಬರೂ ನೆರಳಲ್ಲಿ ಕೂತು ತೆಂಗಿನ ನುಸಿರೋಗದ ವಿಷಯ ಮಾತಾಡಿದರು.

ಸಾಕಷ್ಟು ಮಾತಾಡಿದ ಮೇಲೆ, "ಮರ ಎಣುಸ್ಕೊಂಡ್ ಬತ್ತೀನಿ," ಅಂತ ಎದ್ದು ಹೋಗಿ ನೋಡಿದ.

ಸೊಟ್ಟ ಮರದ ಬುಡದಲ್ಲಿ ಸಿಪ್ಪೆ ಇತ್ತು, ಇರುವೆ ಇರಲಿಲ್ಲ. ನೆಟ್ಟಗಿನ ಮರದ ಬುಡದಲ್ಲಿ ಜಾತ್ರೆ. ಕಪ್ಪಿರುವೆ, ಕೆಂಪಿರುವೆ, ಚಗಳಿ, ಎಲ್ಲ ಜಾತಿಯವೂ ಜಗಳವಿಲ್ಲದೆ ಸಾಲಾಗಿ ಬಂದಿದ್ದವು. ಆಚೆ ತೋಟದಿಂದ ಒಂದು ಸಾಲು ಬೇಲಿ ದಾಟಿ ಬರುತ್ತಿತ್ತು. ಅದರ ಮುಂದಾಳು ಇರುವೆ ನಡುವೆ ಒಮ್ಮೆ ನಿಂತು, ಹಿಂದಿನವರು ಬಂದರೋ ಇಲ್ಲವೋ ಅಂತ ತಿರುಗಿ ನೋಡಿತು.

ಅನಂತರಾಜು ತಣ್ಣಗೆ ಯೋಚಿಸಿದ. ದೊಡ್ಡರಂಗಯ್ಯ ಸಿಪ್ಪೆಯನ್ನು ಆ ಮರದಿಂದ ಈ ಮರಕ್ಕೆ ಬದಲಾಯಿಸಿದ್ದಾನೆ. ಪಕ್ಕದಲ್ಲೇ ಕೂತಿದ್ದವನು ಯಾವಾಗ ಬದಲಾಯಿಸಿದ ಅನ್ನುವುದು ಬೇರೆ ವಿಷಯ, ಚಾಲಾಕಿ ಮನುಷ್ಯ. ಆದರೆ ಮರ ಸೊಟ್ಟ ಇತ್ತು. ಮರವನ್ನು ಬದಲಾಯಿಸಲು ಆಗುವುದಿಲ್ಲ.

ಹಾಗಾದರೆ ಬೆಲ್ಲ. ಬಗ್ಗಿದಾಗ ಜೇಬಿನಿಂದ ಬಿದ್ದಿರಬೇಕು. ಜೇಬಿನಲ್ಲಿದ್ದ ಬೆಲ್ಲವನ್ನೆಲ್ಲ ತೆಗೆದು ಬಾಳೆ ಎಲೆಯಲ್ಲಿ ಕಟ್ಟಿ ದೂರದ ಬೇಲಿಗೆ ಸಿಕ್ಕಿಸಿದ. ಜೇಬನ್ನು ಒಳಹೊರಗೆ ಮಾಡಿ ಕೊಡವಿದ. ಬೇರೆ ಸಾಲಿನ, ಇರುವೆ ಗೂಡು ಹತ್ತಿರವಿಲ್ಲದ ಇನ್ನೊಂದು ಮರ ಹುಡುಕಿದ. ಮತ್ತೆ ಪರೀಕ್ಷೆ ಮಾಡಿದ. ಅವನಿಗೆ ಅದಕ್ಕೆ ಕಾಯುವ ಕಷ್ಟವೇ ಇರಲಿಲ್ಲ.

ಪಂಚೆ ಎತ್ತಿ ಕಟ್ಟಿಕೊಂಡು, ಮೊಣಕಾಲ ಮೇಲೆ ಕೈಯಿಟ್ಟು, ಕುಕ್ಕರಗಾಲಲ್ಲಿ ಕೂತು ನೋಡುತ್ತಲೇ ಇದ್ದ. ಮೊದಲು ಒಂದು ಬಂತು. ಮೂಸಿ ವಾಪಸ್ ಹೋಯಿತು. ಅನಂತರಾಜುವಿಗೆ ಜೀವ ಬಂದ ಹಾಗಾಯಿತು. ಅದು ಹೋದದ್ದು ಉಳಿದವರನ್ನು ಕರೆಯಲಿಕ್ಕೆ.

"ಏನ್ ಬೀಗ್ರೆ, ಏನ್ ಬಿದ್ದೋಯ್ತು?" ದೊಡ್ಡರಂಗಯ್ಯ ಹಿಂದೆ ಬಂದು ನಿಂತಿದ್ದ.

"ಏನಿಲ್ಲ. ಇರುವೆ ನೋಡ್ತಿದ್ದೆ."

"ನಿಮ್ ಊರಲ್ಲಿ ಇಲ್ವಾ?"

"ಅವೆ. ಇಷ್ಟು ಜಾಣ ಇಲ್ಲ."

ದೊಡ್ಡರಂಗಯ್ಯ ಆ ಸಾಲನ್ನು ನೋಡಿದ, ಆಚೆಯ ಸಾಲಿನ ಸೊಟ್ಟ ಮರ ನೋಡಿದ, ಅದರ ಬುಡದಲ್ಲಿ ನೀಟಾಗಿ ಇಟ್ಟಿದ್ದ ಸಿಪ್ಪೆ ನೋಡಿದ. ಹಳ್ಳಿಯಲ್ಲಿ ಹುಟ್ಟಿದವನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

"ಓಹೋ," ಅಂದ. "ಅದ್ಕೆ ಎಳ್ನೀರಾ."

ಅನಂತರಾಜು ಎದ್ದು, ಎತ್ತಿ ಕಟ್ಟಿದ್ದ ಪಂಚೆ ಇಳಿಸಿದ.

"ಬಾಯಿ ಬುಟ್ಟು ಕೇಳಿದ್ರೆ ಆಗಿರೋದಲ್ಲ ಬೀಗ್ರೆ. ನಂಗೆ ಹೋದ್ ತಿಂಗ್ಳೂ ನೋಡವ್ರೆ, ಸಕ್ಕರೆ ಗಿಕ್ಕರೆ ಏನೂ ಇಲ್ಲ. ನಾನ್ ಹೇಳಿದ್ದು ಹಲ್ಲಿಗೇ."

"ನಿಮ್ ಹಲ್ಲು ಮುತ್ತಿನಂಗೆ ಅವೆ. ಯಾರ್ ನಂಬ್ತಾರೆ?"

ದೊಡ್ಡರಂಗಯ್ಯ ಸೂರ್ಯನ ಕಡೆ ತಿರುಗಿ, ಎರಡು ಬೆರಳಿನಿಂದ ಕೆನ್ನೆ ಎಳೆದು, ಬಾಯನ್ನು ಕಿವಿಯ ತನಕ ಬಿಟ್ಟ. ಅನಂತರಾಜು ಬಗ್ಗಿ ನೋಡಿದ. ಹಿಂದಿನ ದವಡೆ, ಬಲಕ್ಕೆ ಎರಡು ಹಲ್ಲು ಇಲ್ಲ, ಎಡಕ್ಕೆ ಒಂದಿಲ್ಲ. ಉಳಿದವುಗಳಲ್ಲಿ ಮೂರಕ್ಕೆ ಸಿಮೆಂಟು.

"ತೋಟದಲ್ಲಿ ಇಡೀ ದಿನ ಕೊಬ್ರಿ ಬೆಲ್ಲ ಮೆಲ್ಕೊಂಡು ಇರ್ತಿದ್ದೆ," ಅಂದ ಬಾಯಿ ಮುಚ್ಚಿ. "ಹಿಂದಿನವು ಹೋಗೋದು ಯಾರಿಗ್ ಕಾಣ್ತದೆ? ಮೊಮ್ಮಗು ಹುಟ್ದಾಗ ಚಕ್ಲಿ ಕಡೀಬೇಕು ಅಂತ ಆಸೆ ನಂಗೆ. ಅದ್ಕೆ ಉಳ್ದಿರೋದನ್ನ ಉಳಿಸ್ಕೊಳಾನ ಅಂತ ಬುಟ್ಟೆ."

ಕುದುರೆಯ ವಯಸ್ಸನ್ನು ಮುಂದಿನ ಹಲ್ಲಲ್ಲಿ ನೋಡುತ್ತಾರೆ. ನೌಕರಿ ಪೂರ್ತಿ ಅನಂತರಾಜು ಮುಂದಿನ ಹಲ್ಲನ್ನೇ ನೋಡಿದ್ದ, ಮನುಷ್ಯರಲ್ಲೂ ಅಲ್ಲಿಗೇ ನಿಲ್ಲಿಸಿದ್ದ. ಒಳಗೆ ಬಗ್ಗಿ ನೋಡಬೇಕು ಅಂತ ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

"ಬೆಲ್ಲ ಬಿದ್ದಿರ್ಬೇಕು ಅಂದ್ಕೊಂಡೆ," ಅಂದ ಇರುವೆಗಳನ್ನು ತೋರಿಸಿ.

"ಬಿದ್ದಿತ್ತಾ?"

"ಇಲ್ಲ."

"ಹಂಗಾರೆ ರಕ್ತ ಕೊಟ್ಟು ನೋಡ್ಸಿ. ಇರುವೆ ಮಾತನ್ನೇ ನಂಬ್ಕೊಂಡೂ ಕೂರ್ಬ್ಯಾಡಿ, ಹಂಗಂತ ತಳ್ಳಾಕ್ಲೂ ಬ್ಯಾಡಿ." ದೊಡ್ಡರಂಗಯ್ಯ ಮನೆಯ ಕಡೆ ತಿರುಗಿದ. "ನಾನೇನೂ ಯಾರತ್ರಾನೂ ಹೇಳಾಕಿಲ್ಲ. ಹೇಳೋದು ಬುಡೋದು ನಿಮ್ಗೆ ಸೇರಿದ್ದು."

ಆ ಮಾತೇ ಅನಂತರಾಜುವನ್ನು ದಾರಿಯುದ್ದಕ್ಕೂ ತಿಂದಿತು. ಯಾಕೆ ಹೇಳುವುದಿಲ್ಲ ಇವನು? ಇವನಿಗೆ ಏನು ಲಾಭ? ಎಷ್ಟು ಯೋಚಿಸಿದರೂ ಲಾಭ ಸಿಗಲಿಲ್ಲ, ಅದರಿಂದಲೇ ಅವನಿಗೆ ಅನುಮಾನ ಹೆಚ್ಚಾಯಿತು. ಇನ್ನೊಂದು ಯೋಚನೆಯೂ ಬಂತು, ಅದು ಕಹಿ. ವಂಶದಲ್ಲಿ ಇದ್ದರೆ ಸಂಬಂಧ ಬೇಡ ಅಂದವನು ತಾನೇ. ಈಗ ಅದೇ ತಕ್ಕಡಿಯಲ್ಲಿ ಇವರು ಇಂಪನಾಳನ್ನು ಇಟ್ಟರೆ?

ಮನೆಯಲ್ಲಿ ಹನುಮಂತಮ್ಮ ತಟ್ಟೆಯಲ್ಲಿ ತಂಬಿಟ್ಟು ಹಿಡಿದು ನಿಂತಿದ್ದಳು. ಬೆಲ್ಲದ ಪಾಕ, ತುಪ್ಪ, ಏಲಕ್ಕಿ. ಬಾಗಿಲ ಹತ್ತಿರ ಚಂದ್ರು, ಅವನ ಅಂಗಿ ಜೇಬಿನಲ್ಲಿ ಫೋನು ನೆಟ್ಟಗೆ ನಿಂತಿತ್ತು.

"ಬಾಯಿ ಸಿಹಿ ಮಾಡ್ಕಳಿ ಅಣ್ಣ. ಒಪ್ಗೆ ಅಂದ್ಬುಡಿ."

ತಿಂದರೆ ಎಲ್ಲ ಸಲೀಸು. ತಂಬಿಟ್ಟು ಬಾಯಿಗೆ, ಸಂಬಂಧ ಗಟ್ಟಿ, ಇರುವೆ ವಿಷಯ ತೋಟದಲ್ಲೇ ಮುಗಿಯುತ್ತದೆ. ಕೈ ತಟ್ಟೆಯ ತನಕ ಹೋಯಿತು. ನಾಲಿಗೆ ಆಡುವ ಹಲ್ಲಿಗೆ ತಾಗಿತು, ಹಲ್ಲು ಅತ್ತ ಹೋಗಿ ಇತ್ತ ಬಂತು. ಕೈ ವಾಪಸ್ ಬಂತು.

"ಬ್ಯಾಡಮ್ಮ."

ಹನುಮಂತಮ್ಮನ ತಟ್ಟೆ ಕೆಳಗಾಯಿತು. ಚಂದ್ರು ಜೇಬಿನ ಮೇಲೆ ಕೈ ಇಟ್ಟುಕೊಂಡ. ದೊಡ್ಡರಂಗಯ್ಯ ಮಾತ್ರ ಕಂಬಕ್ಕೆ ಒರಗಿ ತೋಟದ ಕಡೆ ನೋಡುತ್ತಿದ್ದ.

ಚಂದ್ರುವಿನ ಜೇಬು ಮಾತಾಡಿತು. "ಅಪ್ಪಾ."

ಇಂಪನಾಳ ದನಿ. ಅನಂತರಾಜು ಆ ಜೇಬನ್ನು ಅನುಮಾನದಿಂದ ನೋಡಿದ.

"ಕೇಳ್ಕೊಂಡೇ ಇದ್ಯೇನೇ ನೀನು?"

"ಹ್ಞೂಂ. ಬ್ಯಾಡ ಅಂದ್ಯಲ್ಲ. ಸಂಬಂಧ ಬ್ಯಾಡ್ವಾ, ತಂಬಿಟ್ಟು ಬ್ಯಾಡ್ವಾ? ಎರಡ್ರಲ್ಲಿ ಒಂದು ಹೇಳು."

ಹಲ್ಲಿಗೆ ಅಂದುಬಿಡಬಹುದಾಗಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಆದರೆ ಹಾಗೆ ಅಂದವನನ್ನು ತಾನು ಏನು ಮಾಡಿದೆ ಅನ್ನುವುದು ಅವನಿಗೆ ನೆನಪಿತ್ತು.

"ತಂಬಿಟ್ಟು ಬ್ಯಾಡ," ಅಂದ ಜೇಬಿಗೆ. ಆಮೇಲೆ ಹನುಮಂತಮ್ಮನ ಕಡೆ ತಿರುಗಿದ. "ನಂಗೆ ಸಕ್ಕರೆ ಕಾಯ್ಲೆ ಇದ್ದಂಗ್ ಐತೆ ಕಣಮ್ಮ. ಈಗ್ಲೇ ಗೊತ್ತಾಗಿದ್ದು, ನಿಮ್ ತೋಟದಲ್ಲಿ. ನಾನು ನಿಮ್ಮ ಯಜಮಾನ್ರ ಮೇಲೆ ಅನುಮಾನ ಪಟ್ಟು ಬಂದಿದ್ದೆ. ಈಗ ಒಪ್ಗೆ ಕೇಳ್ಬೇಕಾಗಿರೋದು ನಾನು. ನಿಮ್ಗೆ ಬ್ಯಾಡ ಅನ್ಸಿದ್ರೆ ಹೇಳ್ಬುಡಿ, ನಮ್ ಹುಡ್ಗೀದೇನೂ ತಪ್ಪಿಲ್ಲ."

ಹನುಮಂತಮ್ಮ ತಟ್ಟೆಯನ್ನು ಮತ್ತೆ ಎತ್ತಿ ಹಿಡಿದಳು. "ಅಣ್ಣ, ನಮ್ಮಪ್ಪನಿಗೂ ಇತ್ತು, ನಮ್ಮಕ್ಕನಿಗೂ ಐತೆ. ಇವ್ರಿಗಿಲ್ಲ ಅಂದ್ರೆ ನಮ್ ಕಡೇಲೂ ಇಲ್ವಾ? ನೀವು ಬರೀ ಇವ್ರನ್ನ ನೋಡಿದ್ರಿ."

ಅಂದರೆ ಅವನು ಅನುಮಾನಪಟ್ಟದ್ದು ಸರಿ, ಹಿಡಿದ ಮನುಷ್ಯ ಮಾತ್ರ ತಪ್ಪು. ಅನಂತರಾಜುವಿಗೆ ಬಹಳ ಸಮಾಧಾನವಾಯಿತು.

"ಒಂದ್ ಉಗುರಷ್ಟು ನಾಲ್ಗೆಗೆ ಇಟ್ಕಳಿ," ಅಂದ ದೊಡ್ಡರಂಗಯ್ಯ. "ಶಾಸ್ತ್ರಕ್ಕೆ. ನಲ್ಲಿ ಆ ಕಡೆ ಐತೆ."

ಉಗುರಿನಷ್ಟು ಇಟ್ಟುಕೊಂಡು, "ಒಪ್ಗೆ," ಅಂದ. ಹಿತ್ತಲಿಗೆ ಹೋಗಿ ಮುಕ್ಕಳಿಸಿ ಉಗಿದ. ತಿರುಗಿ ನೋಡಿದರೆ ಅಡುಗೆಮನೆಯ ಕಿಟಕಿಯಲ್ಲಿ ಹನುಮಂತಮ್ಮ ನಿಂತಿದ್ದಳು. ಅವನು ನೋಡಿದ್ದನ್ನು ಕಂಡು ಒಳಗೆ ಹೋದಳು.

ಆ ವಾರ ಅವನು ಕುಣಿಗಲ್ಲಿನಲ್ಲಿ ರಕ್ತ ಕೊಟ್ಟ. ಇದೆ ಅಂದರು. ನಂಬದೆ ತುಮಕೂರಿನಲ್ಲಿ ಕೊಟ್ಟ, ಅಲ್ಲೂ ಇದೆ ಅಂದರು. ಗುಬ್ಬಿಗೂ ಹೋಗಿ ಕೊಟ್ಟು ಬಂದ. ಮೂರೂ ಊರಿನವರು ಒಂದೇ ಮಾತು ಹೇಳಿದರು.

"ಮೂರೂ ಜನ ಮಾತಾಡ್ಕೊಂಡವ್ರೆ," ಅಂದ ಪ್ರಮೀಳಾಗೆ, ಸಕ್ಕರೆ ಇಲ್ಲದ ಕಾಫಿ ಕುಡಿಯುತ್ತ.

"ಇರುವೆ ಜೊತೇಲೂ ಮಾತಾಡಿರ್ಬೇಕು," ಅಂದಳು ಪ್ರಮೀಳಾ.

ಅವನು ಅದನ್ನೂ ಯೋಚಿಸಿದ. ನಿಶ್ಚಿತಾರ್ಥಕ್ಕೆ ಬಂದ ನೆಂಟರು, ಎರಡೂ ಕಡೆಯ ಬೀಗರು ಸಿಹಿ ಪಕ್ಕಕ್ಕೆ ತಳ್ಳುವುದನ್ನು ಕಂಡು ಕಿವಿಗೆ ಬಾಯಿ ಹಚ್ಚಿ ಮಾತಾಡುತ್ತಿದ್ದರು. ಒಬ್ಬ ಬಂದು ಕೇಳಿಯೂ ಬಿಟ್ಟ.

"ಹಲ್ಲಿಗೂ ಹೌದು, ಕಾಯ್ಲೆಗೂ ಹೌದು," ಅಂದ ಅನಂತರಾಜು. ಆಮೇಲೆ ಆ ನೆಂಟನ ಬಾಯನ್ನೇ ನೋಡಿದ. "ಎಲ್ಲಿ, ಒಂಚೂರು ಆ ಅನ್ನು. ಇನ್ನೂ ದೊಡ್ಡದಾಗಿ. ಹಿಂದಿನವು ಕಾಣ್ಬೇಕು."